ಪ್ರತಿಕೃತಿ ಸ್ಪೋರ್ಟ್ಸ್ ಕಾರು ನಿರ್ಮಾಣ: ದಾನಿ ಚಾಸಿಸ್ ಆಯ್ಕೆಗೆ ಸಂಬಂಧಿಸಿದ ಮಾಹಿತಿ

ಪೀಠಿಕೆ

ಹಿಂದಿನ ಕಾಲದ ಪ್ರಸಿದ್ಧ ಸ್ಪೋರ್ಟ್ಸ್ ಕಾರೊಂದರ ಹೊರರೂಪವನ್ನು ಹೋಲುವಂತೆ, ಬೇರೊಂದು ಸಾಮಾನ್ಯ ಕಾರಿನ ತಳಹದಿಯನ್ನಾಗಲಿ ಯಂತ್ರಭಾಗಗಳನ್ನಾಗಲಿ ಬಳಸಿ ಹೊಸದಾಗಿ ಕಟ್ಟಲಾದ ವಾಹನವನ್ನು ಪ್ರತಿಕೃತಿ ಕಾರು ಅಥವಾ ರೆಪ್ಲಿಕಾ ಎಂದು ಕರೆಯಲಾಗುತ್ತದೆ. ಈ ಹವ್ಯಾಸವು ಮುಖ್ಯವಾಗಿ ಬ್ರಿಟನ್ ಮತ್ತು ಅಮೆರಿಕ ಸಂಯುಕ್ತ ಸಂಸ್ಥಾನಗಳಲ್ಲಿ ಬೆಳೆದು ಬಂದಿರುತ್ತದೆ. ಮೂಲ ಕಾರುಗಳು ಸಂಖ್ಯೆಯಲ್ಲಿ ಕಡಿಮೆ ಇದ್ದು, ಅವುಗಳ ಬೆಲೆಯು ಸಾಮಾನ್ಯ ಆದಾಯದವರ ಕೈಗೆ ಎಟುಕದಷ್ಟು ಏರಿರುವುದೇ ಇದಕ್ಕೆ ಮುಖ್ಯ ಕಾರಣವಾಗಿದೆ.

ಪ್ರತಿಕೃತಿ ನಿರ್ಮಾಣವನ್ನು ಕೈಗೊಂಡವರಲ್ಲಿ ಅನೇಕರು ಕೆಲಸವನ್ನು ಅರ್ಧಕ್ಕೇ ಕೈಬಿಡುವುದುಂಟು. ಹೀಗೆ ನಿಂತುಹೋದ ಕಾರುಗಳ ವಿಷಯದಲ್ಲಿ ಹಿಂದಕ್ಕೆ ಹೋಗಿ ನೋಡಿದಲ್ಲಿ, ತಪ್ಪು ಬಹುತೇಕ ಮೊದಲನೆಯ ಖರೀದಿಯಲ್ಲಿಯೇ ಆಗಿರುವುದು ಕಂಡುಬರುತ್ತದೆ. ಅಗ್ಗವಾಗಿ ದೊರೆಯಿತೆಂದು ತಂದ ಚಾಸಿಸ್ ಅಳತೆಗೆ ಹೊಂದದಿರುವುದು, ತುಕ್ಕು ಹಿಡಿದಿರುವುದು ಅಥವಾ ಅದರ ದಾಖಲೆಗಳು ಸರಿಯಿಲ್ಲದೆ ಪೂರ್ಣಗೊಂಡ ಕಾರನ್ನು ನೋಂದಾಯಿಸಲು ಸಾಧ್ಯವಾಗದಿರುವುದು, ಇವು ಸಾಮಾನ್ಯ ತೊಂದರೆಗಳು. ವಿದೇಶಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಈ ಹವ್ಯಾಸವುಳ್ಳವರಿಗೂ, ಇಲ್ಲಿದ್ದುಕೊಂಡೇ ಇಂತಹ ಕಾರನ್ನು ಕಟ್ಟುವ ಆಲೋಚನೆಯಲ್ಲಿರುವವರಿಗೂ ಉಪಯೋಗವಾಗಲೆಂದು ಈ ಮಾಹಿತಿಯನ್ನು ಒದಗಿಸಲಾಗಿದೆ. ಭಾರತದಲ್ಲಿನ ಕಾನೂನಿನ ಸ್ಥಿತಿಯು ಬ್ರಿಟನ್, ಅಮೆರಿಕಗಳಿಗಿಂತ ತೀರ ಭಿನ್ನವಾಗಿರುವುದರಿಂದ, ಇಲ್ಲಿನ ಆಸಕ್ತರು ಯಾವುದೇ ಹಣ ತೊಡಗಿಸುವ ಮುನ್ನ ಈ ಪುಟದ ಕೊನೆಯ ಭಾಗವನ್ನು ಮೊದಲು ಓದಿಕೊಳ್ಳುವುದು ಸೂಕ್ತ.

ದಾನಿ ವಾಹನ ಎಂದರೇನು

ಪ್ರತಿಕೃತಿಗೆ ತನ್ನ ಭಾಗಗಳನ್ನು ನೀಡುವ ಹಳೆಯ ಕಾರನ್ನು ದಾನಿ ವಾಹನ ಅಥವಾ ಡೋನರ್ ಎಂದು ಕರೆಯುವುದು ರೂಢಿಯಲ್ಲಿದೆ. ಈ ಪದವನ್ನು ಎರಡು ಬೇರೆ ಬೇರೆ ಅರ್ಥಗಳಲ್ಲಿ ಬಳಸಲಾಗುತ್ತಿದ್ದು, ಇವೆರಡನ್ನೂ ಬೆರೆಸಿಕೊಂಡಲ್ಲಿ ಗೊಂದಲವುಂಟಾಗುತ್ತದೆ.

ಮೊದಲನೆಯ ಅರ್ಥದಲ್ಲಿ, ದಾನಿ ವಾಹನದ ಚಾಸಿಸ್ಸೇ ಹೊಸ ಕಾರಿನ ಚಾಸಿಸ್ ಆಗುತ್ತದೆ. ಹಳೆಯ ಬಾಡಿಯನ್ನು ಕಳಚಿ, ಅದೇ ತಳದ ಮೇಲೆ ಫೈಬರ್ ಗ್ಲಾಸ್‌ನ ಹೊಸ ಬಾಡಿಯನ್ನು ಕೂರಿಸಲಾಗುತ್ತದೆ. ಎರಡನೆಯ ಅರ್ಥದಲ್ಲಿ, ಕಿಟ್ ತಯಾರಕರೇ ಹೊಸ ಕೊಳವೆ ಚೌಕಟ್ಟನ್ನು ಒದಗಿಸುತ್ತಾರೆ; ದಾನಿ ವಾಹನದಿಂದ ಇಂಜಿನ್, ಗೇರ್ ಬಾಕ್ಸ್, ಆಕ್ಸಲ್, ಬ್ರೇಕು, ಸ್ಟೇರಿಂಗ್, ಪೆಡಲ್ ಮುಂತಾದವುಗಳನ್ನು ಮಾತ್ರ ತೆಗೆದುಕೊಳ್ಳಲಾಗುತ್ತದೆ. ಮೊದಲನೆಯದರಲ್ಲಿ ತಳದ ಅಳತೆ ಮತ್ತು ಗಟ್ಟಿತನವೇ ಎಲ್ಲವನ್ನೂ ನಿರ್ಧರಿಸುತ್ತದೆ. ಎರಡನೆಯದರಲ್ಲಿ ಹಳೆಯ ಕಾರಿನ ತಳವು ತುಕ್ಕು ಹಿಡಿದಿದ್ದರೂ ನಡೆಯುತ್ತದೆ, ಯಂತ್ರಭಾಗಗಳು ಮಾತ್ರ ಸುಸ್ಥಿತಿಯಲ್ಲಿರಬೇಕು. ಆದ್ದರಿಂದ ಯಾವ ಕಿಟ್ ಎಂಬುದು ನಿಶ್ಚಯವಾಗುವ ಮುನ್ನ ದಾನಿ ವಾಹನವನ್ನು ಖರೀದಿಸಕೂಡದು. ಈ ಒಂದು ಕ್ರಮವನ್ನು ಪಾಲಿಸಿದರೂ ಅರ್ಧದಷ್ಟು ನಷ್ಟ ತಪ್ಪುತ್ತದೆ ಎಂಬುದು ಲೇಖಕರ ಅಭಿಪ್ರಾಯ.

ಚಾಸಿಸ್‌ನ ಬಗೆಗಳು

ನಮ್ಮ ರಸ್ತೆಗಳ ಉದಾಹರಣೆಯಿಂದಲೇ ಇದನ್ನು ತಿಳಿಯಬಹುದು. ಲಾರಿ ಮತ್ತು ಜೀಪುಗಳಲ್ಲಿ ಏಣಿಯಾಕಾರದ ಉಕ್ಕಿನ ಚಾಸಿಸ್ ಪ್ರತ್ಯೇಕವಾಗಿದ್ದು, ಬಾಡಿಯನ್ನು ಅದರ ಮೇಲೆ ಬೋಲ್ಟುಗಳಿಂದ ಬಿಗಿಯಲಾಗಿರುತ್ತದೆ. ಆದರೆ ಅಂಬಾಸಡರ್, ಪ್ರೀಮಿಯರ್ ಪದ್ಮಿನಿ, ಮಾರುತಿ 800 ಮುಂತಾದ ಕಾರುಗಳಿಗೆ ಪ್ರತ್ಯೇಕ ಚಾಸಿಸ್ ಎಂಬುದು ಇರುವುದಿಲ್ಲ. ತಳ, ಪಕ್ಕದ ದಿಂಡುಗಳು, ಕಂಬಗಳು, ಮೇಲ್ಛಾವಣಿ ಎಲ್ಲವೂ ಕೂಡಿ ಒಂದೇ ಪೆಟ್ಟಿಗೆಯಂತೆ ಭಾರವನ್ನು ಹೊರುತ್ತವೆ. ಇದನ್ನು ಮಾನೊಕಾಕ್ ಎನ್ನುತ್ತಾರೆ. ಇಂತಹ ಕಾರಿನ ಮೇಲ್ಛಾವಣಿಯನ್ನು ಕತ್ತರಿಸಿ ತೆರೆದ ಕಾರನ್ನಾಗಿ ಮಾಡಿದಲ್ಲಿ ಉಳಿದ ಭಾಗವು ಮಧ್ಯದಲ್ಲಿ ಬಾಗುತ್ತದೆ; ಬಾಗಿಲುಗಳು ಮುಚ್ಚಿಕೊಳ್ಳುವುದಿಲ್ಲ; ಅಪಘಾತದ ಸಂದರ್ಭದಲ್ಲಿ ಒಳಗಿದ್ದವರಿಗೆ ರಕ್ಷಣೆ ಇರುವುದಿಲ್ಲ.

ಈ ಕಾರಣದಿಂದ ಬಾಡಿಯನ್ನು ಪೂರ್ತಿ ಬದಲಿಸುವ ಪ್ರತಿಕೃತಿಗಳಿಗೆ ಪ್ರತ್ಯೇಕ ತಳವುಳ್ಳ ಕಾರುಗಳೇ ಮೊದಲಿನಿಂದಲೂ ದಾನಿಗಳಾಗಿವೆ. ಫೋಕ್ಸ್‌ವ್ಯಾಗನ್ ಬೀಟಲ್, ಟ್ರಯಂಫ್ ಹೆರಾಲ್ಡ್ ಹಾಗೂ ಸ್ಪಿಟ್‌ಫೈರ್, 1968ರಿಂದ 1982ರವರೆಗಿನ ಷೆವರ್ಲೆ ಕಾರ್ವೆಟ್ ಇವು ಈ ಗುಂಪಿಗೆ ಸೇರುತ್ತವೆ. 1960ರ ದಶಕದಲ್ಲಿ ಮದರಾಸಿನಲ್ಲಿ ತಯಾರಾಗುತ್ತಿದ್ದ ಸ್ಟ್ಯಾಂಡರ್ಡ್ ಹೆರಾಲ್ಡ್ ಕಾರು ಈ ಟ್ರಯಂಫ್ ಹೆರಾಲ್ಡ್‌ನದೇ ಭಾರತೀಯ ರೂಪವಾಗಿದ್ದು, ಅದಕ್ಕೂ ಪ್ರತ್ಯೇಕ ಚಾಸಿಸ್ ಇದ್ದಿತು.

ಅಳತೆಗಳ ಹೊಂದಾಣಿಕೆ

ಮುಂದಿನ ಚಕ್ರದ ಮಧ್ಯಬಿಂದುವಿನಿಂದ ಹಿಂದಿನ ಚಕ್ರದ ಮಧ್ಯಬಿಂದುವಿನವರೆಗಿನ ಅಂತರವನ್ನು ವೀಲ್‌ಬೇಸ್ ಎನ್ನುತ್ತಾರೆ. ಪ್ರತಿಕೃತಿಯು ಮೂಲದಂತೆ ಕಾಣಬೇಕಾದಲ್ಲಿ ಮೊಟ್ಟಮೊದಲು ಹೋಲಿಸಬೇಕಾದ ಅಳತೆ ಇದೇ. ಬಾಡಿಯ ಚಕ್ರದ ಕಮಾನಿನ ಮಧ್ಯದಲ್ಲಿ ಚಕ್ರವು ಕೂರದೆ ಎರಡು ಅಂಗುಲ ಮುಂದಕ್ಕೋ ಹಿಂದಕ್ಕೋ ಸರಿದಿದ್ದರೆ, ಕಾರುಗಳ ವಿಷಯ ತಿಳಿಯದವರ ಕಣ್ಣಿಗೂ ಅದು ಕಾಣುತ್ತದೆ.

ಕೆಲವು ಅಳತೆಗಳನ್ನು ಇಲ್ಲಿ ನೀಡಲಾಗಿದೆ. ಪೋರ್ಷೆ 356 ಮತ್ತು 550 ಸ್ಪೈಡರ್ ಕಾರುಗಳ ವೀಲ್‌ಬೇಸ್ 2100 ಮಿ.ಮೀ. ಬೀಟಲ್‌ನದು 2400 ಮಿ.ಮೀ. ಅಂದರೆ ಬೀಟಲ್ ತಳದ ಮೇಲೆ 356ರ ಪ್ರತಿಕೃತಿಯನ್ನು ಸರಿಯಾದ ಪ್ರಮಾಣದಲ್ಲಿ ಕಟ್ಟಬೇಕಾದಲ್ಲಿ ತಳವನ್ನು 300 ಮಿ.ಮೀ., ಸುಮಾರು ಒಂದು ಅಡಿ, ಕತ್ತರಿಸಿ ಕುಗ್ಗಿಸಬೇಕಾಗುತ್ತದೆ. ಫೆರಾರಿ 308ರ ವೀಲ್‌ಬೇಸ್ 2340 ಮಿ.ಮೀ. ಇದ್ದು, ಪಾಂಟಿಯಾಕ್ ಫಿಯೆರೊ ಕಾರಿನದು ಸುಮಾರು 2373 ಮಿ.ಮೀ. ಇರುತ್ತದೆ, ಇಲ್ಲಿನ ವ್ಯತ್ಯಾಸ ಅಲ್ಪ. ಆದರೆ ಅದೇ ಫಿಯೆರೊ ಮೇಲೆ ಫೆರಾರಿ ಎಫ್355 ಬಾಡಿಯನ್ನು ಕೂರಿಸುವುದಾದಲ್ಲಿ, ಮೂಲದ 2450 ಮಿ.ಮೀ.ಗೆ ಹೊಂದಿಸಲು ಚೌಕಟ್ಟನ್ನು ಮೂರು ಅಂಗುಲ ಉದ್ದ ಮಾಡಬೇಕಾಗುತ್ತದೆ. ಫೆರಾರಿ 250 ಜಿಟಿಒದ ವೀಲ್‌ಬೇಸ್ 2400 ಮಿ.ಮೀ.; ಅದಕ್ಕೆ ಬಳಸಲಾಗುವ ಡಾಟ್ಸನ್ 240ಝಡ್‌ನದು ಸುಮಾರು 2305 ಮಿ.ಮೀ. ಇದ್ದು ಕಾರು ತುಸು ಗಿಡ್ಡವಾಗಿ ಕಾಣುತ್ತದೆ.

ವೀಲ್‌ಬೇಸ್ ಹೊಂದಿದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಎಡ ಮತ್ತು ಬಲ ಚಕ್ರಗಳ ನಡುವಿನ ಅಂತರವಾದ ಟ್ರ್ಯಾಕ್ ಅನ್ನೂ ನೋಡಬೇಕಾಗುತ್ತದೆ. ಲಂಬೋರ್ಗಿನಿ ಕೌಂಟಾಶ್‌ನಂತಹ ಅಗಲವಾದ ಕಾರಿನ ಬಾಡಿಯನ್ನು ಕಿರಿದಾದ ತಳದ ಮೇಲೆ ಕೂರಿಸಿದಾಗ ಚಕ್ರಗಳು ಒಳಕ್ಕೆ ಸೇರಿಕೊಂಡಂತೆ ಕಾಣುತ್ತವೆ. ಇದನ್ನು ಮರೆಮಾಚಲು ಹಬ್ ಮತ್ತು ಚಕ್ರದ ನಡುವೆ ದಪ್ಪನೆಯ ಸ್ಪೇಸರ್‌ಗಳನ್ನು ಹಾಕುವವರಿದ್ದಾರೆ. ಚಕ್ರವು ಹೊರಕ್ಕೆ ಸರಿದಷ್ಟೂ ಬೇರಿಂಗ್ ಮೇಲೆ ಬಾಗಿಸುವ ಬಲ ಹೆಚ್ಚುತ್ತದೆ ಮತ್ತು ಚಕ್ರದ ಬೋಲ್ಟುಗಳಿಗೆ ಶ್ರಮ ಬೀಳುತ್ತದೆ. ಅಂದಕ್ಕಾಗಿ ಮಾಡಿದ ಕೆಲಸವು ಹೆದ್ದಾರಿಯಲ್ಲಿ ಚಕ್ರ ಕಳಚುವುದಕ್ಕೆ ಕಾರಣವಾಗಬಾರದು.

ಇಂಜಿನ್ ಎಲ್ಲಿದೆ ಎಂಬುದು ಇನ್ನೊಂದು ವಿಷಯ. ಮೂಲ ಕಾರಿನಲ್ಲಿ ಇಂಜಿನ್ ಆಸನಗಳ ಹಿಂದೆ ಇದ್ದಲ್ಲಿ, ಮುಂದೆ ಇಂಜಿನ್ ಇರುವ ದಾನಿಯ ಮೇಲೆ ಅದರ ಬಾಡಿಯನ್ನು ಕೂರಿಸಿದರೆ ಮೂತಿ ಎತ್ತರವಾಗಿ, ಚಾಲಕನು ಹಿಂದಕ್ಕೆ ಸರಿದು, ಒಟ್ಟು ಪ್ರಮಾಣವೇ ಕೆಟ್ಟುಹೋಗುತ್ತದೆ. ಗಾಜಿನ ಕೆಳಗಂಚಿನ ಎತ್ತರ, ಸ್ಟೇರಿಂಗ್ ಕಂಬದ ಕೋನ, ಆಸನದ ತಳ, ಇವುಗಳನ್ನು ಖರೀದಿಗೆ ಮುನ್ನವೇ ಕುಳಿತು ಅಳೆದು ನೋಡುವುದು ಒಳ್ಳೆಯದು.

ಫೋಕ್ಸ್‌ವ್ಯಾಗನ್ ಬೀಟಲ್ ತಳ

ದಾನಿ ಚಾಸಿಸ್‌ಗಳ ಪೈಕಿ ಅತ್ಯಂತ ಹೆಚ್ಚು ಬಳಕೆಯಾದುದು ಬೀಟಲ್‌ನದೆಂದು ಹೇಳಿದರೆ ತಪ್ಪಾಗಲಾರದು. 2003ರಲ್ಲಿ ಮೆಕ್ಸಿಕೊದಲ್ಲಿ ತಯಾರಿಕೆ ನಿಲ್ಲುವ ವೇಳೆಗೆ 2 ಕೋಟಿ 15 ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದಿದ್ದವು. ಬಿಡಿಭಾಗಗಳು ಇಂದಿಗೂ ಹೊಸದಾಗಿ ದೊರೆಯುತ್ತವೆ. ನಡುವೆ ಬೆನ್ನೆಲುಬಿನಂತೆ ಹಾದುಹೋಗುವ ಉಕ್ಕಿನ ಸುರಂಗ, ಅದರ ಎರಡೂ ಬದಿಗೆ ತಗಡಿನ ನೆಲ, ಹಿಂದುಗಡೆ ಗಾಳಿಯಿಂದ ತಣಿಯುವ ಇಂಜಿನ್, ಇಷ್ಟೇ ಅದರ ರಚನೆ. ಬಾಡಿಯನ್ನು ಎತ್ತಿಟ್ಟ ಮೇಲೂ ಈ ತಳವು ತನ್ನಷ್ಟಕ್ಕೆ ತಾನೇ ಉರುಳಿಕೊಂಡು ಹೋಗಬಲ್ಲದು. 1964ರಲ್ಲಿ ಕ್ಯಾಲಿಫೋರ್ನಿಯಾದ ಬ್ರೂಸ್ ಮೇಯರ್ಸ್ ಅವರು ಮೇಯರ್ಸ್ ಮ್ಯಾಂಕ್ಸ್ ಎಂಬ ಮರಳುಗಾಡಿಯನ್ನು ಬೀಟಲ್ ಭಾಗಗಳಿಂದ ರೂಪಿಸಿ, ಮುಂದೆ ಅದನ್ನು ಕುಗ್ಗಿಸಿದ ಬೀಟಲ್ ತಳಕ್ಕೆ ಹೊಂದುವಂತೆ ಮಾರಾಟ ಮಾಡಿದ ನಂತರ ಈ ತಳದ ಉಪಯೋಗ ಎಲ್ಲರಿಗೂ ತಿಳಿದುಬಂದಿತು.

ಎಲ್ಲ ಬೀಟಲ್‌ಗಳೂ ಒಂದೇ ಅಲ್ಲ. 1970ರ ದಶಕದ 1302 ಮತ್ತು 1303 ಮಾದರಿಗಳಲ್ಲಿ ಮುಂದಿನ ಚಕ್ರಗಳಿಗೆ ಸ್ಟ್ರಟ್ ಮಾದರಿಯ ಸಸ್ಪೆನ್ಷನ್ ಅಳವಡಿಸಲಾಗಿತ್ತು. ಈ ಸ್ಟ್ರಟ್‌ಗಳ ಮೇಲ್ತುದಿ ತಳಕ್ಕೆ ಸೇರದೆ ಬಾಡಿಗೆ ಸೇರಿರುತ್ತದೆ. ಬಾಡಿಯನ್ನು ತೆಗೆದೊಡನೆ ಅವಕ್ಕೆ ಆಧಾರವೇ ಇಲ್ಲದಂತಾಗುವುದರಿಂದ ಬಹುಪಾಲು ಕಿಟ್‌ಗಳಿಗೆ ಈ ಮಾದರಿಗಳು ಬರುವುದಿಲ್ಲ. ಅಡ್ಡ ಕೊಳವೆಗಳೊಳಗೆ ಟಾರ್ಷನ್ ಪಟ್ಟಿಗಳಿರುವ ಹಳೆಯ ಮುಂಭಾಗವೇ ಬೇಕಾಗುತ್ತದೆ. ಮಾರುವವರು ಸೂಪರ್ ಬೀಟಲ್ ಹೆಚ್ಚು ಸುಧಾರಿತವೆಂದು ಹೇಳಿದಲ್ಲಿ ಅದು ನಿಜವೇ. ಆದರೆ ಈ ಕೆಲಸಕ್ಕೆ ಅದು ನಿರುಪಯುಕ್ತ.

ಹಿಂಭಾಗದಲ್ಲಿ 1960ರ ದಶಕದ ಕೊನೆಯವರೆಗೆ ಸ್ವಿಂಗ್ ಆಕ್ಸಲ್ ಇದ್ದಿತು. ತಿರುವಿನಲ್ಲಿ ವೇಗ ಹೆಚ್ಚಾಗಿ ಹಿಂಭಾಗ ಮೇಲೆದ್ದಾಗ ಹೊರಚಕ್ರವು ಒಳಕ್ಕೆ ಮಡಿಚಿಕೊಂಡಂತಾಗಿ ಹಿಡಿತ ತಪ್ಪುವುದು ಇದರ ದೋಷ. ನಂತರ ಬಂದ, ಪ್ರತಿ ಆಕ್ಸಲ್‌ಗೆ ಎರಡು ಕೀಲುಗಳಿರುವ ಮಾದರಿಯಲ್ಲಿ ಈ ದೋಷವಿಲ್ಲ. ಮೂಲ ಪೋರ್ಷೆ 356ರಲ್ಲಿಯೂ ಸ್ವಿಂಗ್ ಆಕ್ಸಲ್ಲೇ ಇದ್ದಿತೆಂದು ಹಳೆಯದನ್ನೇ ಬಯಸುವವರಿದ್ದಾರೆ. ಹಾಗಿದ್ದರೂ ಕುಟುಂಬದವರನ್ನು ಕೂರಿಸಿಕೊಂಡು ಓಡಿಸುವ ಉದ್ದೇಶವಿದ್ದಲ್ಲಿ ಎರಡು ಕೀಲಿನ ತಳವನ್ನೇ ಹುಡುಕುವುದು ಕ್ಷೇಮ.

ತಳವನ್ನು ಕುಗ್ಗಿಸುವ ಕೆಲಸವು ಕಾಗದದ ಮೇಲೆ ಕಂಡಷ್ಟು ಸರಳವಲ್ಲ. ನಡುವಿನ ಸುರಂಗದೊಳಗೆ ಗೇರ್ ಬದಲಿಸುವ ಸರಳು, ಆಕ್ಸಿಲರೇಟರ್, ಕ್ಲಚ್ ಮತ್ತು ಹ್ಯಾಂಡ್ ಬ್ರೇಕ್ ಕೇಬಲ್‌ಗಳ ಕೊಳವೆಗಳು ಹಾಗೂ ಪೆಟ್ರೋಲ್ ಕೊಳವೆ ಹಾದುಹೋಗುತ್ತವೆ. ಇವೆಲ್ಲವನ್ನೂ ಅದೇ ಪ್ರಮಾಣದಲ್ಲಿ ಕುಗ್ಗಿಸಬೇಕಾಗುತ್ತದೆ. ಪೆಟ್ರೋಲ್ ಕೊಳವೆಯನ್ನು ಖಾಲಿ ಮಾಡಿ, ಆವಿಯನ್ನೂ ಹೊರಹಾಕದೆ ಕತ್ತರಿಸುವ ಅಥವಾ ವೆಲ್ಡಿಂಗ್ ಮಾಡುವ ಕೆಲಸಕ್ಕೆ ಕೈಹಾಕುವುದು ಪ್ರಾಣಾಪಾಯಕ್ಕೆ ದಾರಿ. ವೆಲ್ಡಿಂಗ್ ಪೂರ್ವದಲ್ಲಿ ತಳವನ್ನು ಸಮತಟ್ಟಾದ ಗಟ್ಟಿ ಚೌಕಟ್ಟಿಗೆ ಬಿಗಿದಿರಬೇಕು. ಇಲ್ಲವಾದಲ್ಲಿ ಶಾಖದಿಂದ ತಳವು ತಿರುಚಿಕೊಂಡು, ಮುಂದೆ ಎಷ್ಟು ಅಲೈನ್‌ಮೆಂಟ್ ಮಾಡಿಸಿದರೂ ಕಾರು ಒಂದು ಕಡೆಗೆ ಎಳೆಯುತ್ತದೆ.

ಇನ್ನೊಂದು ಸಂಗತಿಯನ್ನು ಹೊಸಬರು ಗಮನಿಸುವುದಿಲ್ಲ. ಬೀಟಲ್‌ನ ಎರಡೂ ಪಕ್ಕಗಳಲ್ಲಿ ಬಿಸಿಗಾಳಿ ಸಾಗುವ ಪೆಟ್ಟಿಗೆಯಾಕಾರದ ದಿಂಡುಗಳಿದ್ದು, ಇವು ತಳದ ಭಾಗವಾಗಿರದೆ ಬಾಡಿಯ ಭಾಗವಾಗಿರುತ್ತವೆ. ತಳಕ್ಕೆ ಬಿಗಿತ ಕೊಡುವಲ್ಲಿ ಇವುಗಳ ಪಾತ್ರ ದೊಡ್ಡದು. ಹಳೆಯ ಬಾಡಿಯೊಂದಿಗೆ ಇವೂ ಹೋಗುವುದರಿಂದ, ಹೊಸ ಬಾಡಿಯ ಕೆಳಗೆ ಚೌಕ ಕೊಳವೆಗಳ ಉಪಚೌಕಟ್ಟನ್ನು ಅಳವಡಿಸಿದ ಕಿಟ್ ಅನ್ನೇ ಆರಿಸಿಕೊಳ್ಳತಕ್ಕದ್ದು.

550 ಸ್ಪೈಡರ್ ಪ್ರತಿಕೃತಿಯಲ್ಲಿ ಮೂಲದಂತೆ ಇಂಜಿನ್ ಅನ್ನು ಹಿಂದಿನ ಆಕ್ಸಲ್‌ನ ಮುಂದಕ್ಕೆ ತರಬೇಕಾದಲ್ಲಿ ಇಂಜಿನ್ ಮತ್ತು ಗೇರ್ ಬಾಕ್ಸ್ ಎರಡನ್ನೂ ತಿರುಗಿಸಿ ಕೂರಿಸಲಾಗುತ್ತದೆ. ಆಗ ಗೇರ್ ಬಾಕ್ಸ್‌ನೊಳಗಿನ ರಿಂಗ್ ಗೇರನ್ನು ಎದುರು ಬದಿಗೆ ಬದಲಿಸದಿದ್ದಲ್ಲಿ ಕಾರಿಗೆ ಒಂದು ಮುಂದಿನ ಗೇರು, ನಾಲ್ಕು ಹಿಂದಿನ ಗೇರುಗಳು ಲಭ್ಯವಾಗುತ್ತವೆ! ಓದುವಾಗ ನಗು ಬರಬಹುದಾದರೂ, ಎಲ್ಲವನ್ನೂ ಜೋಡಿಸಿದ ಮೇಲೆ ಮತ್ತೆ ಕಳಚುವವರಿಗೆ ಇದು ನಗುವ ವಿಷಯವಾಗಿರುವುದಿಲ್ಲ.

ಫಿಯೆರೊ ಮತ್ತು ಎಂಆರ್2

ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ಫಿಯೆರೊ 1984ರಿಂದ 1988ರ ಮಾದರಿ ವರ್ಷಗಳಲ್ಲಿ ತಯಾರಾದ ಎರಡು ಆಸನಗಳ ಕಾರು. ಇಂಜಿನ್ ಆಸನಗಳ ಹಿಂದಿದೆ. ಇದರ ಉಕ್ಕಿನ ಚೌಕಟ್ಟು ತಾನೇ ಎಲ್ಲ ಭಾರವನ್ನೂ ಹೊರುವಂತಿದ್ದು, ಹೊರಗಿನ ಪ್ಲಾಸ್ಟಿಕ್ ಫಲಕಗಳು ಅಂಗಿಯಂತೆ ಮೇಲಿನಿಂದ ತೊಡಿಸಿದವು. ಫಲಕಗಳನ್ನು ಕಳಚಿದರೂ ಗಟ್ಟಿತನಕ್ಕೆ ಧಕ್ಕೆ ಬಾರದಿರುವುದರಿಂದ ಫೆರಾರಿ, ಲಂಬೋರ್ಗಿನಿ ಪ್ರತಿಕೃತಿಗಳಿಗೆ ಅಮೆರಿಕದಲ್ಲಿ ಇದು ಅಚ್ಚುಮೆಚ್ಚಿನ ದಾನಿಯಾಯಿತು. ಇಂಜಿನ್, ಗೇರ್ ಬಾಕ್ಸ್ ಮತ್ತು ಹಿಂದಿನ ಸಸ್ಪೆನ್ಷನ್ ಒಂದು ತೊಟ್ಟಿಲಿನಂತಹ ಉಪಚೌಕಟ್ಟಿನಲ್ಲಿ ಕೂತಿದ್ದು ಕೆಳಗಿನಿಂದ ಒಟ್ಟಾಗಿ ಇಳಿಸಲು ಬರುತ್ತದೆ. 1988ರ ಮಾದರಿಯಲ್ಲಿ ಸಸ್ಪೆನ್ಷನ್ ಅನ್ನು ಹೊಸದಾಗಿ ರೂಪಿಸಲಾಗಿದ್ದು ಅದು ಉತ್ತಮ. ಆದರೆ ಹಿಂದಿನ ವರ್ಷಗಳ ಬಿಡಿಭಾಗಗಳು ಅದಕ್ಕೆ ಹೊಂದುವುದಿಲ್ಲ. 1984ರ ನಾಲ್ಕು ಸಿಲಿಂಡರ್ ಕಾರುಗಳಲ್ಲಿ ಇಂಜಿನ್‌ಗೆ ಬೆಂಕಿ ತಗುಲಿದ ಪ್ರಕರಣಗಳಿಂದಾಗಿ ತಯಾರಕರು ಕಾರುಗಳನ್ನು ಹಿಂದಕ್ಕೆ ಕರೆಸಿ ದುರಸ್ತಿ ಮಾಡಿದ್ದರು. ಆ ವರ್ಷದ ಕಾರನ್ನು ಕೊಳ್ಳುವವರು ಸದರಿ ದುರಸ್ತಿಯ ದಾಖಲೆಯನ್ನು ಕೇಳಿ ಪಡೆಯಬೇಕು.

ಟೊಯೊಟ ಎಂಆರ್2 ಕಾರಿನ ಎರಡನೆಯ ಪೀಳಿಗೆಯನ್ನು (1989ರಿಂದ 1999) ಬ್ರಿಟನ್‌ನಲ್ಲಿ ಇದೇ ಉದ್ದೇಶಕ್ಕೆ ಬಳಸಲಾಗಿದೆ. ವೀಲ್‌ಬೇಸ್ 2400 ಮಿ.ಮೀ. ಇದು ಮಾನೊಕಾಕ್ ರಚನೆಯದಾದ ಕಾರಣ ಬಾಗಿಲು, ಗಾಜು, ಮೇಲ್ಛಾವಣಿಗಳನ್ನು ಉಳಿಸಿಕೊಂಡು ಹೊರಫಲಕಗಳನ್ನು ಮಾತ್ರ ಬದಲಿಸುವುದು ರೂಢಿ. ಮೂಲ ಕಾರಿನೊಂದಿಗೆ ಪಕ್ಕದಲ್ಲಿ ನಿಲ್ಲಿಸಿದಾಗ ಗಾಜಿನ ಆಕಾರದಲ್ಲಿ ವ್ಯತ್ಯಾಸ ಕಾಣುತ್ತದೆ. ರಚನೆಯನ್ನು ಕೆಡಿಸದಿರುವುದರಿಂದ ಕಾರು ಸುರಕ್ಷಿತವಾಗಿ ಉಳಿಯುತ್ತದೆ, ಇದು ಸಣ್ಣ ಲಾಭವಲ್ಲ.

ಹೊಸ ಚೌಕಟ್ಟಿನ ಕಿಟ್‌ಗಳು

ಎ.ಸಿ. ಕೋಬ್ರಾ ಪ್ರತಿಕೃತಿಗಳಲ್ಲಿ ಎರಡನೆಯ ಅರ್ಥದ ದಾನಿಯೇ ಹೆಚ್ಚು. ಅಮೆರಿಕದ ಫ್ಯಾಕ್ಟರಿ ಫೈವ್ ಸಂಸ್ಥೆಯು 1995ರಲ್ಲಿ ಆರಂಭವಾದಾಗ, ಒಂದು ಹಳೆಯ ಫೋರ್ಡ್ ಮಸ್ಟಾಂಗ್ ಕಾರಿನಿಂದಲೇ ಬೇಕಾದ ಯಂತ್ರಭಾಗಗಳನ್ನು ಪಡೆದುಕೊಳ್ಳುವಂತೆ ತನ್ನ ಚೌಕಟ್ಟನ್ನು ರೂಪಿಸಿತು. ಮಸ್ಟಾಂಗ್‌ನ ವೀಲ್‌ಬೇಸ್ ಕೋಬ್ರಾದ 2286 ಮಿ.ಮೀ.ಗಿಂತ ಬಹಳ ಹೆಚ್ಚು. ಆದರೂ ಇಲ್ಲಿ ತೊಂದರೆಯಿಲ್ಲ, ಏಕೆಂದರೆ ಅದರ ತಳವನ್ನು ಬಳಸುವುದೇ ಇಲ್ಲ.

ಲೋಟಸ್ ಸೆವೆನ್ ಮಾದರಿಯ ಕಾರುಗಳಲ್ಲಿ ದಾನಿಯು ಕಾಲಕ್ಕೆ ತಕ್ಕಂತೆ ಬದಲಾಗುತ್ತ ಬಂದಿರುತ್ತದೆ. ಮೊದಲು ಫೋರ್ಡ್ ಎಸ್ಕಾರ್ಟ್, ಅವು ವಿರಳವಾದಾಗ ಫೋರ್ಡ್ ಸಿಯೆರಾ, ನಂತರ ಮಾಜ್ದಾ ಎಂಎಕ್ಸ್-5. ರಾನ್ ಚಾಂಪಿಯನ್ ಅವರು 250 ಪೌಂಡಿನಷ್ಟು ಕಡಿಮೆ ವೆಚ್ಚದಲ್ಲಿ ಸ್ಪೋರ್ಟ್ಸ್ ಕಾರು ಕಟ್ಟುವ ಬಗ್ಗೆ 1990ರ ದಶಕದಲ್ಲಿ ಬರೆದ ಪುಸ್ತಕದಲ್ಲಿ ಆಧಾರವಾಗಿದ್ದುದು ಎಸ್ಕಾರ್ಟ್. ಇಂದು ಅದೇ ಎಸ್ಕಾರ್ಟ್ ಸಂಗ್ರಹಕಾರರ ವಸ್ತುವಾಗಿದ್ದು, ಅದನ್ನು ಕಳಚುವುದಕ್ಕಿಂತ ಹಾಗೆಯೇ ಮಾರುವುದು ಲಾಭಕರ.

1990ರ ನಂತರದ ದಾನಿಗಳಲ್ಲಿ ಇಂಜಿನ್ ನಿಯಂತ್ರಣ ಪೆಟ್ಟಿಗೆ, ವೈರಿಂಗ್, ಕೀಲಿ ಮತ್ತು ಇಮ್ಮೊಬಿಲೈಸರ್ ಇವುಗಳನ್ನು ಒಂದೇ ಕಾರಿನಿಂದ ಒಟ್ಟಾಗಿ ಪಡೆಯಬೇಕು. ಬೇರೆ ಬೇರೆ ಕಡೆಯಿಂದ ತಂದವು ಒಂದನ್ನೊಂದು ಗುರುತಿಸದೆ ಇಂಜಿನ್ ಚಾಲೂ ಆಗದಿರುವುದುಂಟು. ದಾನಿಯ ಸ್ಪ್ರಿಂಗುಗಳು ಭಾರವಾದ ಕಾರಿಗಾಗಿ ಮಾಡಿದವು ಎಂಬುದನ್ನೂ, ಹಗುರವಾದ ಪ್ರತಿಕೃತಿಯಲ್ಲಿ ಅವನ್ನು ಬದಲಿಸಬೇಕಾದೀತು ಎಂಬುದನ್ನೂ ವೆಚ್ಚದ ಅಂದಾಜಿನಲ್ಲಿ ಸೇರಿಸಿಕೊಳ್ಳುವುದು.

ಖರೀದಿಗೆ ಮುನ್ನ ತಪಾಸಣೆ

ಹಗಲು ಹೊತ್ತಿನಲ್ಲಿ, ಒಣಗಿದ ನೆಲದ ಮೇಲೆ, ಕಾರನ್ನು ಸ್ಟ್ಯಾಂಡ್‌ಗಳ ಮೇಲೆ ನಿಲ್ಲಿಸಿ ನೋಡಬೇಕು. ಜಾಕ್ ಒಂದರ ಆಧಾರದ ಮೇಲಿರುವ ಕಾರಿನ ಕೆಳಗೆ ಯಾವ ಕಾರಣಕ್ಕೂ ಹೋಗಕೂಡದು. ಹೊಸದಾಗಿ ಬಳಿದ ಕಪ್ಪು ಬಣ್ಣ ಅಥವಾ ಟಾರು ಕಂಡಲ್ಲಿ ಅದರ ಕೆಳಗೆ ಏನಿದೆಯೆಂದು ಸ್ಕ್ರೂ ಡ್ರೈವರ್‌ನ ತುದಿಯಿಂದ ಒತ್ತಿ ನೋಡುವುದು. ಗಟ್ಟಿ ತಗಡು ಸುತ್ತಿಗೆಯ ಏಟಿಗೆ ಖಣ್ ಎನ್ನುತ್ತದೆ; ತುಕ್ಕು ತಿಂದದ್ದು ಮಂಕಾದ ಸದ್ದು ಮಾಡುತ್ತದೆ. ಬೀಟಲ್‌ನಲ್ಲಿ ಹಿಂದಿನ ಆಸನದ ಕೆಳಗೆ ಬಲಬದಿಗೆ ಬ್ಯಾಟರಿ ಇರುವ ಜಾಗವು ಆಸಿಡ್‌ನಿಂದ ತೂತು ಬಿದ್ದಿರುತ್ತದೆ. ನೆಲದ ತಗಡು ಹೋಗಿದ್ದರೆ ಹೊಸದನ್ನು ಹಾಕಿಸಬಹುದು. ನಡುವಿನ ಸುರಂಗ ಅಥವಾ ಮುಂದಿನ ಕವಲು ಹೋಗಿದ್ದರೆ ಆ ತಳವನ್ನು ಬಿಟ್ಟುಬಿಡುವುದೇ ಲೇಸು. ಎಂಎಕ್ಸ್-5ರಲ್ಲಿ ಹಿಂದಿನ ಚಕ್ರದ ಮುಂಭಾಗದ ಪಕ್ಕದ ದಿಂಡುಗಳನ್ನು ನೋಡಬೇಕು.

ಅಪಘಾತಕ್ಕೆ ಸಿಕ್ಕಿದ ಚಾಸಿಸ್ ಗುರುತಿಸಲು ದುಬಾರಿ ಉಪಕರಣಗಳೇ ಬೇಕೆಂದಿಲ್ಲ. ಸಸ್ಪೆನ್ಷನ್ ಬಿಗಿದಿರುವ ನಾಲ್ಕು ಬಿಂದುಗಳಿಂದ ಗಾರೆಯವರು ಬಳಸುವ ತೂಗುಗುಂಡನ್ನು ಇಳಿಬಿಟ್ಟು ನೆಲದ ಮೇಲೆ ಸೀಮೆಸುಣ್ಣದಿಂದ ಗುರುತು ಮಾಡಿ, ಎದುರುಬದುರು ಮೂಲೆಗಳ ಎರಡು ಕರ್ಣಗಳನ್ನು ಟೇಪಿನಿಂದ ಅಳೆದರೆ ಸಾಕು. ಎರಡೂ ಅಳತೆಗಳು ಸಮನಾಗಿರಬೇಕು. ಕೆಲವೇ ಮಿ.ಮೀ. ವ್ಯತ್ಯಾಸವಿದ್ದಲ್ಲಿ ಮತ್ತೊಮ್ಮೆ ಅಳೆದು ನೋಡುವುದು. ಬೆರಳಿನ ಅಗಲದಷ್ಟು ವ್ಯತ್ಯಾಸವಿದ್ದಲ್ಲಿ ಬೆಲೆ ಎಷ್ಟೇ ಕಡಿಮೆಯಿದ್ದರೂ ಹಿಂದಿರುಗುವುದು.

ವೆಚ್ಚದ ಲೆಕ್ಕ

ದಾನಿ ವಾಹನದ ಬೆಲೆಯು ಒಟ್ಟು ವೆಚ್ಚದಲ್ಲಿ ಸಣ್ಣ ಪಾಲು. ಆದರೆ ಆಮೇಲೆ ಬರುವ ದೊಡ್ಡ ಪಾಲುಗಳನ್ನು ಹೆಚ್ಚಿಸುವುದೂ ತಗ್ಗಿಸುವುದೂ ಅದೇ. ಓಡುವ ಸ್ಥಿತಿಯಲ್ಲಿರುವ, ಪೂರ್ಣವಾದ ಕಾರನ್ನು ತುಸು ಹೆಚ್ಚು ಬೆಲೆ ಕೊಟ್ಟು ಕೊಂಡಲ್ಲಿ ಇಂಜಿನ್‌ನ ಸ್ಥಿತಿ ಓಡಿಸಿ ತಿಳಿಯುತ್ತದೆ, ಸಣ್ಣ ಬ್ರಾಕೆಟ್ಟು ಬೋಲ್ಟುಗಳಿಗೆ ಅಲೆಯುವುದು ತಪ್ಪುತ್ತದೆ, ಮತ್ತು ಬೇಡದ ಬಾಗಿಲು, ಆಸನ, ಗಾಜುಗಳನ್ನು ಮಾರಿ ಹಣದ ಒಂದು ಭಾಗವನ್ನು ಹಿಂದಕ್ಕೆ ಪಡೆಯಬಹುದು. ಲೆಕ್ಕಪತ್ರದ ಭಾಷೆಯಲ್ಲಿ ಹೇಳುವುದಾದರೆ, ನೋಡಬೇಕಾದುದು ಖರೀದಿ ಬೆಲೆಯನ್ನಲ್ಲ, ಮಾರಾಟದ ಜಮೆಯನ್ನು ಕಳೆದ ನಿವ್ವಳ ವೆಚ್ಚವನ್ನು. ಅಂಗಳದಲ್ಲಿ ತುಂಡುತುಂಡಾಗಿ ಬಿದ್ದಿರುವ ಅಗ್ಗದ ಚಾಸಿಸ್‌ನ ನಿವ್ವಳ ವೆಚ್ಚ ಎಷ್ಟಾದೀತೆಂದು ಮೊದಲೇ ಹೇಳಲು ಬರುವುದಿಲ್ಲ.

ವಿದೇಶಗಳಲ್ಲಿನ ದಾಖಲಾತಿ

ಬೀಟಲ್‌ನ ಚಾಸಿಸ್ ಸಂಖ್ಯೆಯನ್ನು ಹಿಂದಿನ ಆಸನದ ಕೆಳಗೆ ಸುರಂಗದ ಮೇಲೆ ಒತ್ತಲಾಗಿರುತ್ತದೆ. ಅಂದರೆ ಕಾನೂನಿನ ದೃಷ್ಟಿಯಲ್ಲಿ ಕಾರಿನ ಗುರುತು ತಳದೊಂದಿಗೆ ಸಾಗುತ್ತದೆ. ಬ್ರಿಟನ್‌ನಲ್ಲಿ ಅನೇಕ ವರ್ಷಗಳ ಕಾಲ ಅಂಕ ಪದ್ಧತಿ ಜಾರಿಯಲ್ಲಿದ್ದು, ಬದಲಾಯಿಸದ ಚಾಸಿಸ್‌ಗೆ 5, ಸಸ್ಪೆನ್ಷನ್, ಆಕ್ಸಲ್, ಗೇರ್ ಬಾಕ್ಸ್, ಸ್ಟೇರಿಂಗ್‌ಗಳಿಗೆ ತಲಾ 2, ಇಂಜಿನ್‌ಗೆ 1 ಅಂಕ ನೀಡಲಾಗುತ್ತಿತ್ತು. 8 ಅಂಕ ಬಂದಲ್ಲಿ ಹಳೆಯ ನೋಂದಣಿ ಸಂಖ್ಯೆ ಉಳಿಯುತ್ತಿತ್ತು. ತಳವನ್ನು ಕುಗ್ಗಿಸಿದೊಡನೆ ಆ 5 ಅಂಕ ಹೋಗಿ, ಪ್ರತ್ಯೇಕ ವಾಹನ ಅನುಮೋದನೆ ಪರೀಕ್ಷೆಗೆ ಒಳಪಟ್ಟು, ಕ್ಯೂ ಅಕ್ಷರದಿಂದ ಆರಂಭವಾಗುವ ಸಂಖ್ಯೆಯನ್ನು ಪಡೆಯಬೇಕಾಗುತ್ತಿತ್ತು. 2025ರ ಆಗಸ್ಟ್‌ನಲ್ಲಿ ಅಲ್ಲಿನ ವಾಹನ ನೋಂದಣಿ ಸಂಸ್ಥೆಯು ಈ ನೀತಿಯನ್ನು ಪರಿಷ್ಕರಿಸಿರುವುದರಿಂದ, ಹಳೆಯ ಪುಸ್ತಕಗಳಲ್ಲಿನ ಅಂಕಗಳ ಲೆಕ್ಕವನ್ನು ನಂಬಿ ಖರೀದಿ ಮಾಡದೆ ಪರಿಷ್ಕೃತ ಸೂಚನೆಗಳನ್ನು ಓದಿಕೊಳ್ಳತಕ್ಕದ್ದು.

ಅಮೆರಿಕದಲ್ಲಿ ನೋಂದಣಿಯು ರಾಜ್ಯಗಳ ವಿಷಯವಾಗಿರುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ವರ್ಷಕ್ಕೆ 500 ವಿಶೇಷ ನಿರ್ಮಿತ ವಾಹನಗಳಿಗೆ ಮಾತ್ರ ಹೊಗೆ ತಪಾಸಣೆಯಲ್ಲಿ ರಿಯಾಯಿತಿ ದೊರೆಯುವ ಪದ್ಧತಿಯಿದೆ. 2015ರ ಕೇಂದ್ರ ಕಾಯಿದೆಯೊಂದು ವರ್ಷಕ್ಕೆ 325ರವರೆಗೆ ಪ್ರತಿಕೃತಿಗಳನ್ನು ತಯಾರಿಸಿ ಮಾರಲು ಸಣ್ಣ ತಯಾರಕರಿಗೆ ಅವಕಾಶ ನೀಡಿ, ಅದರ ನಿಯಮಗಳು 2021ರಲ್ಲಿ ಹೊರಬಂದವು. ಇದು ಮನೆಯಲ್ಲಿ ಒಂದು ಕಾರು ಕಟ್ಟುವವರಿಗೆ ಅನ್ವಯಿಸುವಂಥದ್ದಲ್ಲ.

ಆಕಾರದ ಹಕ್ಕಿನ ಪ್ರಶ್ನೆಯೂ ಇದೆ. 1984ರಲ್ಲಿ ಆರಂಭವಾದ ಮಯಾಮಿ ವೈಸ್ ಎಂಬ ದೂರದರ್ಶನ ಧಾರಾವಾಹಿಯಲ್ಲಿ ನಾಯಕನು ಓಡಿಸುತ್ತಿದ್ದ ಫೆರಾರಿ ಡೇಟೋನಾ ವಾಸ್ತವವಾಗಿ ಕಾರ್ವೆಟ್ ಚಾಸಿಸ್ ಮೇಲೆ ಕಟ್ಟಿದ ಪ್ರತಿಕೃತಿಯಾಗಿತ್ತು. ಡೇಟೋನಾ ಮತ್ತು ಟೆಸ್ಟಾರೋಸಾ ಬಾಡಿ ಕಿಟ್‌ಗಳನ್ನು ಮಾರುತ್ತಿದ್ದ ತಯಾರಕರೊಬ್ಬರ ವಿರುದ್ಧ ಫೆರಾರಿ ಹೂಡಿದ ಮೊಕದ್ದಮೆಯಲ್ಲಿ 1991ರಲ್ಲಿ ಅಮೆರಿಕದ ಮೇಲ್ಮನವಿ ನ್ಯಾಯಾಲಯವು ಫೆರಾರಿಯ ಪರವಾಗಿ ತೀರ್ಪು ನೀಡಿತು. ಪ್ರತಿಕೃತಿಗೆ ಮೂಲ ಸಂಸ್ಥೆಯ ಲಾಂಛನ ಅಂಟಿಸುವುದು, ಮಾರುವಾಗ ಅದು ಪ್ರತಿಕೃತಿಯೆಂಬುದನ್ನು ಲಿಖಿತವಾಗಿ ತಿಳಿಸದಿರುವುದು ಎರಡನ್ನೂ ಮಾಡಬಾರದು.

ಭಾರತದಲ್ಲಿನ ಸ್ಥಿತಿ

ಮೋಟಾರು ವಾಹನಗಳ ಅಧಿನಿಯಮ, 1988ರ 52ನೇ ಪ್ರಕರಣದ ಮೇರೆಗೆ, ನೋಂದಣಿ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದವುಗಳಿಗಿಂತ ಭಿನ್ನವಾಗುವಂತೆ ಯಾವ ಮಾಲೀಕರೂ ವಾಹನವನ್ನು ಬದಲಾಯಿಸತಕ್ಕದ್ದಲ್ಲ. ಕೇರಳದಿಂದ ಬಂದ ಪ್ರಕರಣವೊಂದರಲ್ಲಿ ಸರ್ವೋಚ್ಚ ನ್ಯಾಯಾಲಯವು ಜನವರಿ 2019ರಲ್ಲಿ ಇದನ್ನು ಎತ್ತಿಹಿಡಿದಿರುತ್ತದೆ. ಅದೇ ವರ್ಷದ ತಿದ್ದುಪಡಿಯಿಂದ ಸೇರ್ಪಡೆಯಾದ 182ಎ ಪ್ರಕರಣದ 4ನೇ ಉಪಪ್ರಕರಣದಂತೆ, ಅನುಮತಿಯಿಲ್ಲದ ಬದಲಾವಣೆಗೆ ಆರು ತಿಂಗಳವರೆಗಿನ ಕಾರಾಗೃಹ ವಾಸ, ಅಥವಾ ಪ್ರತಿಯೊಂದು ಬದಲಾವಣೆಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದಾಗಿದೆ. ಹಳೆಯ ಕಾರಿನ ಬಾಡಿಯನ್ನು ಕಳಚಿ ಅದೇ ಆರ್.ಸಿ.ಯ ಮೇಲೆ ಬೇರೆ ಬಾಡಿಯ ಕಾರನ್ನು ಓಡಿಸುವುದು ಇದರ ವ್ಯಾಪ್ತಿಗೆ ಬರುತ್ತದೆ. ಗ್ಯಾರೇಜಿನವರು ಏನೂ ಆಗುವುದಿಲ್ಲವೆಂದು ಭರವಸೆ ನೀಡಿದರೂ ಹೊಣೆ ಹೊರಬೇಕಾದವರು ಮಾಲೀಕರೇ.

ಹೊಸ ಚೌಕಟ್ಟಿನ ಮೇಲೆ ಹೊಸ ಕಾರೆಂದೇ ಕಟ್ಟಿ ನೋಂದಾಯಿಸಬಹುದಲ್ಲವೇ ಎಂದು ಕೇಳುವವರಿದ್ದಾರೆ. ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989ರ 126ನೇ ನಿಯಮದಂತೆ ವಾಹನದ ಮಾದರಿಯನ್ನು ತಯಾರಕರು ಪುಣೆಯ ಎ.ಆರ್.ಎ.ಐ. ಮುಂತಾದ ಅಧಿಸೂಚಿತ ಸಂಸ್ಥೆಗಳಲ್ಲಿ ಪರೀಕ್ಷೆಗೆ ಒಳಪಡಿಸಿ ಪ್ರಮಾಣಪತ್ರ ಪಡೆಯಬೇಕಾಗಿರುತ್ತದೆ. ಈ ವ್ಯವಸ್ಥೆಯು ಕಾರ್ಖಾನೆಗಳಿಗೆ ಹೊಂದುವಂಥದ್ದಾಗಿದ್ದು, ಒಂದೇ ಕಾರನ್ನು ಕಟ್ಟುವ ವ್ಯಕ್ತಿಗೆ ಅದರ ವೆಚ್ಚ ಭರಿಸುವುದು ಕಾರ್ಯಸಾಧ್ಯವಲ್ಲ.

ಸ್ವಂತ ತೋಟದೊಳಗೆ ಓಡಿಸಿಕೊಂಡರೆ ನೋಂದಣಿ ಬೇಕಿಲ್ಲವೆಂಬ ನಂಬಿಕೆಯೂ ಪ್ರಚಲಿತದಲ್ಲಿದೆ. 39ನೇ ಪ್ರಕರಣದಲ್ಲಿ ಸಾರ್ವಜನಿಕ ಸ್ಥಳದ ಜೊತೆಗೆ ಇತರ ಯಾವುದೇ ಸ್ಥಳವನ್ನೂ ಹೇಳಲಾಗಿದೆ ಎಂಬುದನ್ನು ಗಮನಿಸುವುದು. ಓಡಿಸದೆ ಪ್ರದರ್ಶನಕ್ಕೆಂದು ಕಟ್ಟುವವರು ಗುಜರಿಯಿಂದ ತಂದ ಚಾಸಿಸ್‌ನ ಹಿಂದಿನ ನೋಂದಣಿಯು 55ನೇ ಪ್ರಕರಣದಂತೆ ರದ್ದಾಗಿದೆಯೇ ಎಂಬುದನ್ನು ಖಚಿತಪಡಿಸಿಕೊಂಡು, ಮಾರಿದವರ ರಸೀದಿಯನ್ನು ಇಟ್ಟುಕೊಳ್ಳಬೇಕು. ಚಾಸಿಸ್ ಸಂಖ್ಯೆಯನ್ನು ಉಜ್ಜಿರುವ, ಮತ್ತೆ ಒತ್ತಿರುವ ಅಥವಾ ವೆಲ್ಡಿಂಗ್‌ನಿಂದ ಮುಚ್ಚಿರುವ ತಳವು ಕಳವಿನ ಮಾಲು ಆಗಿರಬಹುದಾದ್ದರಿಂದ ಅದನ್ನು ಉಚಿತವಾಗಿ ಕೊಟ್ಟರೂ ಸ್ವೀಕರಿಸತಕ್ಕದ್ದಲ್ಲ.

ವಿದೇಶದಲ್ಲಿ ಕಟ್ಟಿ ಅಲ್ಲಿ ನೋಂದಾಯಿಸಿದ ಪ್ರತಿಕೃತಿಯನ್ನು ಊರಿಗೆ ಮರಳುವಾಗ ತರಲು ಬಯಸುವವರು, ಅಲ್ಲಿನ ನೋಂದಣಿಯಿಂದ ಇಲ್ಲಿ ತಾನಾಗಿಯೇ ನೋಂದಣಿಯ ಹಕ್ಕು ದೊರೆಯುವುದಿಲ್ಲವೆಂಬುದನ್ನು ತಿಳಿದು, ಹಡಗಿಗೆ ಏರಿಸುವ ಮುನ್ನವೇ ಆಮದು ಮತ್ತು ಸುಂಕದ ನಿಯಮಗಳ ಬಗ್ಗೆ ಲಿಖಿತ ಉತ್ತರವನ್ನು ಪಡೆದಿರಬೇಕು.